ಸೊನ್ನೆಗಿಂತ ಕೆಳಗಿನ ವಿದ್ಯುತ್ ಬೆಲೆ: ಶಾಖ ಕೂಡಿಟ್ಟರೆ ಕಾರ್ಖಾನೆಗೆ ಎಷ್ಟು ಲಾಭ?

ಪ್ರಶ್ನೆ: ನಾನು ಜರ್ಮನಿಯ ಒಂದು ಆಹಾರ ಸಂಸ್ಕರಣಾ ಕಾರ್ಖಾನೆಯಲ್ಲಿ ಬಾಯ್ಲರ್ ವಿಭಾಗದ ಎಂಜಿನಿಯರ್. ನಮಗೆ ಸೋಮವಾರದಿಂದ ಶನಿವಾರದವರೆಗೆ ಹಗಲೂ ರಾತ್ರಿ ಸರಾಸರಿ 5 ಮೆಗಾವ್ಯಾಟ್ ಶಾಖ ಬೇಕು. ಈಗ ಅಷ್ಟನ್ನೂ ಅನಿಲ ಬಾಯ್ಲರಿನಿಂದ 10 ಬಾರ್ ಒತ್ತಡದ ಹಬೆಯಾಗಿ ಪಡೆಯುತ್ತಿದ್ದೇವೆ. ವಿದ್ಯುತ್ ಬೆಲೆ ವರ್ಷದಲ್ಲಿ ನೂರಾರು ಗಂಟೆ ಸೊನ್ನೆಗಿಂತ ಕೆಳಗಿಳಿಯುತ್ತದೆ ಎಂದು ಓದಿದ ನಮ್ಮ ಆಡಳಿತದವರು, 'ಆ ಹೊತ್ತಿನಲ್ಲಿ ವಿದ್ಯುತ್ತಿನಿಂದ ಶಾಖ ಮಾಡಿ ಕೂಡಿಟ್ಟುಕೊಂಡರೆ ಇಂಧನದ ಖರ್ಚೇ ಇಲ್ಲವಲ್ಲ' ಎನ್ನುತ್ತಿದ್ದಾರೆ. ಇದು ನಿಜವೇ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಲಾಭ ಇದೆ. ಆದರೆ ಅದು ನಿಮ್ಮ ಆಡಳಿತದವರು ನೋಡುತ್ತಿರುವ ಕಡೆಯಲ್ಲಿಲ್ಲ. ವಿದ್ಯುತ್ತಿನ ಸಗಟು ವ್ಯಾಪಾರ ನಡೆಯುವ ವಿನಿಮಯ ಕೇಂದ್ರದಲ್ಲಿ ಬೆಲೆ ಎಷ್ಟು ಕೆಳಗಿಳಿಯಿತು ಎಂಬುದಕ್ಕಿಂತ, ಆ ವಿದ್ಯುತ್ ನಿಮ್ಮ ಗೇಟಿನೊಳಗೆ ಬರುವಷ್ಟರಲ್ಲಿ ಅದರ ಮೇಲೆ ಎಷ್ಟು ಶುಲ್ಕ ಕೂಡಿಕೊಂಡಿತು ಎಂಬುದೇ ಈ ಯೋಜನೆಯ ಹಣೆಬರಹವನ್ನು ಬರೆಯುತ್ತದೆ. ನಿಮ್ಮದೇ ಅಂಕಿಗಳನ್ನು ಇಟ್ಟುಕೊಂಡು ಹಂತಹಂತವಾಗಿ ನೋಡೋಣ.

ಬೆಲೆ ಸೊನ್ನೆಗಿಂತ ಕೆಳಗೆ ಹೋಗುವುದು ಏಕೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಬಿಸಿಲು ಅಥವಾ ಗಾಳಿ ಜೋರಾಗಿದ್ದು ಬೇಡಿಕೆ ಕಡಿಮೆಯಿದ್ದಾಗ ಗ್ರಿಡ್ಡಿಗೆ ಬೇಕಾದುದಕ್ಕಿಂತ ಹೆಚ್ಚು ವಿದ್ಯುತ್ ಬರುತ್ತದೆ. ಕಲ್ಲಿದ್ದಲಿನ ಸ್ಥಾವರವನ್ನು ನಾಲ್ಕು ಗಂಟೆಗೋಸ್ಕರ ಆರಿಸಿ ಮತ್ತೆ ಹೊತ್ತಿಸುವುದು ದುಬಾರಿ ಕೆಲಸ. ಅದಕ್ಕಿಂತ ಹಣ ಕೊಟ್ಟಾದರೂ ವಿದ್ಯುತ್ತನ್ನು ದಾಟಿಸುವುದು ಅದರ ಮಾಲೀಕರಿಗೆ ಅಗ್ಗ. ಇನ್ನೊಂದು ಕಡೆ, ಸರ್ಕಾರದ ಖಾತರಿ ದರ ಪಡೆಯುವ ಹಳೆಯ ಸೌರ ಮತ್ತು ಪವನ ಘಟಕಗಳಿಗೆ ಮಾರುಕಟ್ಟೆಯ ಬೆಲೆ ಎಷ್ಟಾದರೂ ಚಿಂತೆಯಿಲ್ಲ, ಅವು ಉತ್ಪಾದಿಸುತ್ತಲೇ ಇರುತ್ತವೆ. ಜರ್ಮನಿಯ ವಿನಿಮಯ ಕೇಂದ್ರದಲ್ಲಿ ಮರುದಿನದ ವಿದ್ಯುತ್ತಿಗೆ ಇಂಥ ಬೆಲೆಗೆ ಅವಕಾಶ ಸಿಕ್ಕಿದ್ದು 2008ರಲ್ಲಿ. 2023ರಲ್ಲಿ ಅಂಥ 301 ಗಂಟೆಗಳಿದ್ದವು, 2024ರಲ್ಲಿ 457.

2023ರ ಜುಲೈ 2ರಂದು ಮಧ್ಯಾಹ್ನ 2ರಿಂದ 3 ಗಂಟೆಯ ನಡುವೆ ಬೆಲೆ ಮೆಗಾವ್ಯಾಟ್ ಗಂಟೆಗೆ ಮೈನಸ್ 500 ಯೂರೋ ಮುಟ್ಟಿತು. ಆ ಮಾರುಕಟ್ಟೆಯಲ್ಲಿ ಅದಕ್ಕಿಂತ ಕೆಳಗೆ ಹೋಗಲು ನಿಯಮವೇ ಬಿಡುವುದಿಲ್ಲ. ಆದರೆ ಅಂಥ ಗಂಟೆ ಅಪರೂಪದಲ್ಲಿ ಅಪರೂಪ. ಉಳಿದ ಬಹುಪಾಲು ಗಂಟೆಗಳಲ್ಲಿ ಬೆಲೆ ಸೊನ್ನೆಯಿಂದ ತುಸುವೇ ಕೆಳಗಿರುತ್ತದೆ. ಆ ದಿನ ಭಾನುವಾರವಾಗಿತ್ತು ಎಂಬುದನ್ನೂ ಗಮನಿಸಿ. ವಾರಾಂತ್ಯ, ರಜಾದಿನ, ವಸಂತ ಮತ್ತು ಬೇಸಿಗೆಯ ನಡುಮಧ್ಯಾಹ್ನ, ಗಾಳಿ ಬೀಸುವ ಕ್ರಿಸ್‌ಮಸ್ ರಾತ್ರಿ: ಎಷ್ಟೋ ಸಲ ಕಾರ್ಖಾನೆಗಳು ಮುಚ್ಚಿರುವ ಹೊತ್ತಿನಲ್ಲೇ ಈ ಬೆಲೆಗಳು ಬರುತ್ತವೆ. ನಾನು ಪರಿಶೀಲಿಸಿದ ಒಂದು ಯೋಜನಾ ವರದಿಯಲ್ಲಿ ವರ್ಷದ ಎಲ್ಲಾ ಋಣಾತ್ಮಕ ಗಂಟೆಗಳನ್ನು, ಅಂದರೆ ಬೆಲೆ ಸೊನ್ನೆಗಿಂತ ಕೆಳಗಿದ್ದ ಗಂಟೆಗಳನ್ನು, ಹೀಟರಿನ ಸಾಮರ್ಥ್ಯದಿಂದ ಗುಣಿಸಿ ಲಾಭ ತೋರಿಸಲಾಗಿತ್ತು. ಕಾರ್ಖಾನೆಗೆ ಭಾನುವಾರ ರಜೆ. ಶಾಖ ಕೂಡಿಡುವ ಸಂಗ್ರಾಹಕ ನಾಲ್ಕು ಗಂಟೆಯಲ್ಲಿ ತುಂಬಿಬಿಡುತ್ತಿತ್ತು. ಐದನೆಯ ಗಂಟೆಯಿಂದ ಬೆಲೆ ಎಷ್ಟು ಬಿದ್ದರೂ ಶಾಖ ಇಡಲು ಜಾಗವಿಲ್ಲ. ಆ ಒಂದು ಅಂಶವನ್ನು ಸೇರಿಸಿದ ಕೂಡಲೇ ತೋರಿಸಿದ್ದ ಲಾಭದ ದೊಡ್ಡ ಪಾಲು ಕರಗಿಹೋಯಿತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಮುಂದಿನ ಬೆಲೆಗಳೆಲ್ಲ ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ಬಿಲ್ಲಿನ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ. ಅನಿಲಕ್ಕೆ ಮೆಗಾವ್ಯಾಟ್ ಗಂಟೆಗೆ 35 ಯೂರೋ ಎನ್ನೋಣ. ಅಷ್ಟು ಅನಿಲ ಉರಿದರೆ ಸುಮಾರು 0.2 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಟನ್ನಿಗೆ 55 ಯೂರೋ ಎಂದರೆ ಅದಕ್ಕೆ 11 ಯೂರೋ. ಒಟ್ಟು 46. ಬಾಯ್ಲರಿನ ದಕ್ಷತೆ 90 ಪ್ರತಿಶತ ಎಂದುಕೊಂಡರೆ ಒಂದು ಮೆಗಾವ್ಯಾಟ್ ಗಂಟೆಯ ಹಬೆಗೆ ನೀವು ಈಗ ತೆರುತ್ತಿರುವುದು ಸುಮಾರು 51 ಯೂರೋ. ವಿದ್ಯುತ್ ಶಾಖವಾಗಿ, ಸಂಗ್ರಾಹಕದಲ್ಲಿ ಕುಳಿತು, ಹಬೆಯಾಗಿ ಹೊರಬರುವಷ್ಟರಲ್ಲಿ 5 ಪ್ರತಿಶತ ಸೋರಿಹೋಗುತ್ತದೆ ಎಂದಿಟ್ಟುಕೊಂಡರೆ, ಗೇಟಿನೊಳಗೆ ಬಂದ ವಿದ್ಯುತ್ತಿಗೆ ನೀವು ಕೊಡಬಹುದಾದ ಗರಿಷ್ಠ ಬೆಲೆ 48 ಯೂರೋ. ಈ 48ನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿಕೊಳ್ಳಿ. ಅನಿಲದ ಬೆಲೆ ಬದಲಾದಾಗಲೆಲ್ಲ ಅದನ್ನು ತಿದ್ದಬೇಕು.

ವಿನಿಮಯ ಕೇಂದ್ರದ ಬೆಲೆಯೇ ಗೇಟಿನ ಬೆಲೆಯಲ್ಲ. ಯೂನಿಟ್ ಲೆಕ್ಕದ ಗ್ರಿಡ್ ಶುಲ್ಕ, ತೆರಿಗೆ, ಇತರ ಸುಂಕಗಳು ಅದರ ಮೇಲೆ ಬೀಳುತ್ತವೆ. ಅವೆಲ್ಲ ಸೇರಿ 25 ಯೂರೋ ಆದರೆ, ವಿನಿಮಯ ಕೇಂದ್ರದಲ್ಲಿ ನೀವು ಕೊಳ್ಳಬಹುದಾದ ಗರಿಷ್ಠ ಬೆಲೆ 23ಕ್ಕೆ ಇಳಿಯುತ್ತದೆ. ಅಲ್ಲಿ ಬೆಲೆ ಮೈನಸ್ 5 ಆಗಿರುವಾಗಲೂ ನೀವು ತೆರುವುದು 20 ಯೂರೋ. 'ಇಂಧನದ ಖರ್ಚೇ ಇಲ್ಲ' ಎಂಬ ಮಾತು ಇಲ್ಲಿಯೇ ನಿಂತುಹೋಗುತ್ತದೆ.

12 ಮೆಗಾವ್ಯಾಟಿನ ವಿದ್ಯುತ್ ಹೀಟರ್, 60 ಮೆಗಾವ್ಯಾಟ್ ಗಂಟೆಯ ಸಂಗ್ರಾಹಕ, ಅಂದರೆ ಐದು ಗಂಟೆಯಲ್ಲಿ ತುಂಬಿ ನಿಮ್ಮ ಕಾರ್ಖಾನೆಯನ್ನು ಹನ್ನೆರಡು ಗಂಟೆ ನಡೆಸುವ ಒಂದು ವ್ಯವಸ್ಥೆಯನ್ನು ಊಹಿಸಿ. 457 ಋಣಾತ್ಮಕ ಗಂಟೆಗಳನ್ನೂ ಒಂದೂ ಬಿಡದೆ ಹಿಡಿದಿರಿ, ಸರಾಸರಿ ಬೆಲೆ ಮೈನಸ್ 15 ಎನ್ನೋಣ. ವಾಸ್ತವದಲ್ಲಿ ಇಷ್ಟು ಸಿಗುವುದಿಲ್ಲ, ಇದು ಮೇಲಿನ ಮಿತಿ. ಕೊಂಡ ವಿದ್ಯುತ್ 5,484 ಮೆಗಾವ್ಯಾಟ್ ಗಂಟೆ. ಗೇಟಿನಲ್ಲಿ ಅದರ ಬೆಲೆ 10 ಯೂರೋ, ಉಳಿತಾಯ 38. ವರ್ಷಕ್ಕೆ ಸುಮಾರು 2.1 ಲಕ್ಷ ಯೂರೋ. ಇದರಲ್ಲಿ ಬೆಲೆ ಸೊನ್ನೆಗಿಂತ ಕೆಳಗಿದ್ದುದರಿಂದ ಬಂದ ಪಾಲು ಎಷ್ಟು ಗೊತ್ತೇ? 82 ಸಾವಿರ. ಬೆಲೆ ಬರೀ ಸೊನ್ನೆಯಾಗಿದ್ದರೂ ಉಳಿದ ಒಂದೂಕಾಲು ಲಕ್ಷ ನಿಮಗೆ ಸಿಗುತ್ತಿತ್ತು, ಏಕೆಂದರೆ ಅದು ನೀವು ಉರಿಸದೆ ಉಳಿಸಿದ ಅನಿಲದ ಹಣ. ಋಣಾತ್ಮಕ ಗಂಟೆಯಲ್ಲಿಯೂ ನಿಮ್ಮನ್ನು ಸಾಕುವುದು ಅನಿಲದ ಉಳಿತಾಯವೇ.

ಅದಾದ ಮೇಲೆ ಸೊನ್ನೆ ಮತ್ತು 23ರ ನಡುವಿನ ಗಂಟೆಗಳು. ಅಂಥವು ಸಾವಿರ ಸಿಕ್ಕವು, ಸರಾಸರಿ ಬೆಲೆ 12 ಎಂದರೆ ಇನ್ನೊಂದು 1.3 ಲಕ್ಷ. ಒಟ್ಟು 3.4 ಲಕ್ಷ ಯೂರೋ.

ಈಗ ಅದೇ ಕಾರ್ಖಾನೆ, ಅದೇ ಮಾರುಕಟ್ಟೆ, ಶುಲ್ಕವನ್ನು ಮಾತ್ರ 25ರಿಂದ 10ಕ್ಕೆ ಇಳಿಸಿ ನೋಡಿ. ಋಣಾತ್ಮಕ ಗಂಟೆಗಳ ಲಾಭ 2.9 ಲಕ್ಷವಾಗುತ್ತದೆ, ಅಗ್ಗದ ಸಾವಿರ ಗಂಟೆಗಳದು 3.1 ಲಕ್ಷ. ಕೊಳ್ಳಬಹುದಾದ ಬೆಲೆಯ ಮಿತಿ 38ಕ್ಕೆ ಏರುವುದರಿಂದ ಮೊದಲು ಕೈಬಿಟ್ಟಿದ್ದ ಕೆಲವು ನೂರು ಗಂಟೆಗಳು ಹೊಸದಾಗಿ ಸೇರಿಕೊಳ್ಳುತ್ತವೆ. ಒಟ್ಟು ಲಾಭ ಹೆಚ್ಚುಕಡಿಮೆ ಎರಡು ಪಟ್ಟು. ಮಾರುಕಟ್ಟೆಯಲ್ಲಿ ಒಂದು ಪೈಸೆಯೂ ಬದಲಾಗದೆ ಇದು ಆಯಿತು.

ಇನ್ನೂ ದೊಡ್ಡ ಗಂಡಾಂತರ ಬಿಲ್ಲಿನ ಬೇರೆ ಸಾಲಿನಲ್ಲಿದೆ. ಯೂನಿಟ್ ಲೆಕ್ಕದ ಶುಲ್ಕದ ಜೊತೆಗೆ, ವರ್ಷದಲ್ಲಿ ನೀವು ಎಳೆದ ಅತಿ ಹೆಚ್ಚಿನ ವಿದ್ಯುತ್ತಿಗೆ ಕಿಲೋವ್ಯಾಟ್ ಲೆಕ್ಕದಲ್ಲಿ ಒಂದು ಶುಲ್ಕವಿದೆ. ಅದನ್ನು ಅಳೆಯುವುದು ಹದಿನೈದು ನಿಮಿಷದ ಸರಾಸರಿಯಲ್ಲಿ. ವರ್ಷದ ಮೂವತ್ತೈದು ಸಾವಿರ ಕಾಲು ಗಂಟೆಗಳಲ್ಲಿ ಒಂದೇ ಒಂದರಲ್ಲಿ ನಿಮ್ಮ 12 ಮೆಗಾವ್ಯಾಟ್ ಹೀಟರ್ ಕಾರ್ಖಾನೆಯ ಉಳಿದ ಯಂತ್ರಗಳ ಜೊತೆ ಪೂರ್ತಿ ಉರಿದರೂ ಸಾಕು, ಆ ಶಿಖರವೇ ಇಡೀ ವರ್ಷದ ಬಿಲ್ಲಿಗೆ ಆಧಾರವಾಗುತ್ತದೆ. ಕಿಲೋವ್ಯಾಟಿಗೆ 100 ಯೂರೋ ಎಂದರೆ ಹೆಚ್ಚುವರಿ ಬಿಲ್ಲು 12 ಲಕ್ಷ ಯೂರೋ. ಮೂರೂವರೆ ಲಕ್ಷದ ಲಾಭವನ್ನು ಅದು ನುಂಗಿ ಹಾಕುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವ ಈ ಸಾಲನ್ನು ಎಷ್ಟೋ ಯೋಜನಾ ವರದಿಗಳು ಅಡಿಟಿಪ್ಪಣಿಗೆ ತಳ್ಳುತ್ತವೆ ಎಂಬುದು ನನಗೆ ನಿಜವಾಗಿ ಬೇಸರ ತರುವ ಸಂಗತಿ. ಗ್ರಿಡ್ಡಿನಲ್ಲಿ ವಿದ್ಯುತ್ ತುಂಬಿ ತುಳುಕುತ್ತಿರುವಾಗ ಅದನ್ನು ಬಳಸಿ ನೆರವಾದ ಕಾರ್ಖಾನೆಗೆ ಹಳೆಯ ಕಾಲದ ಶುಲ್ಕ ಪದ್ಧತಿ ದಂಡ ಹಾಕುತ್ತಿದೆ. ವರ್ಷಕ್ಕೆ ಕನಿಷ್ಠ 7,000 ಗಂಟೆಗಳಷ್ಟು ಏಕರೂಪವಾಗಿ ವಿದ್ಯುತ್ ಬಳಸುವ ದೊಡ್ಡ ಗ್ರಾಹಕರಿಗೆ ಭಾರೀ ರಿಯಾಯಿತಿ ಕೊಡುವ ಜರ್ಮನಿಯ ನಿಯಮವೂ ಅದೇ ಕಾಲದ್ದು. ಬೇಡಿಕೆ ಒಂದೇ ಸಮನೆ ಇರುವುದು ಸದ್ಗುಣವಾಗಿದ್ದ ದಿನಗಳಲ್ಲಿ ಅದು ಸರಿಯಾಗಿತ್ತು. ನಿಮ್ಮ ಕಾರ್ಖಾನೆ ಆ ರಿಯಾಯಿತಿ ಪಡೆಯುತ್ತಿದ್ದರೆ, ಹೀಟರ್ ಹಚ್ಚಿದ ಕೂಡಲೇ ಅದು ಕೈತಪ್ಪಬಹುದು. ಮೊದಲು ಅದನ್ನು ವಿಚಾರಿಸಿ.

ದಾರಿಯಿಲ್ಲವೆಂದಲ್ಲ. ಅದೇ ನಿಯಮಾವಳಿಯಲ್ಲಿ ಇನ್ನೊಂದು ಅವಕಾಶವಿದೆ. ಗ್ರಿಡ್ ಕಂಪನಿ ತನ್ನ ಭಾರ ಹೆಚ್ಚಿರುವ ಹೊತ್ತುಗಳನ್ನು ಋತುವಾರು ಮೊದಲೇ ಪ್ರಕಟಿಸುತ್ತದೆ. ನಿಮ್ಮ ಶಿಖರ ಆ ಹೊತ್ತುಗಳ ಹೊರಗೆ ಬಂದರೆ, ಶುಲ್ಕವನ್ನು ಆ ಹೊತ್ತಿನೊಳಗಿನ ಬಳಕೆಯ ಆಧಾರದ ಮೇಲೆ ಲೆಕ್ಕ ಹಾಕಿಸಿಕೊಳ್ಳಬಹುದು. ಮಾಮೂಲಿ ಶುಲ್ಕದ 20 ಪ್ರತಿಶತವನ್ನಾದರೂ ಕೊಡಲೇಬೇಕು ಎಂಬ ಮಿತಿ ಇದೆ. ಚಳಿಗಾಲದ ಸಂಜೆಗಳೇ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತವೆ. ನಿಮ್ಮ ಹೀಟರ್ ಉರಿಯುವುದು ಮೇ ತಿಂಗಳ ಮಧ್ಯಾಹ್ನ. ಶಾಖ ಸಂಗ್ರಹಕ್ಕೆ ಇದು ಹೇಳಿ ಮಾಡಿಸಿದ ನಿಯಮ. ಈ ಶುಲ್ಕ ಪದ್ಧತಿಯ ಪರಿಷ್ಕರಣೆ ಜರ್ಮನಿಯ ನಿಯಂತ್ರಣ ಸಂಸ್ಥೆಯ ಮುಂದಿದೆ, ಆದ್ದರಿಂದ ಸಹಿ ಹಾಕುವ ದಿನದ ನಿಯಮವನ್ನು ಓದಿಯೇ ಮುಂದುವರಿಯಿರಿ. ಪಕ್ಕದಲ್ಲೇ ಸೌರ ಫಲಕಗಳಿಗೆ ಜಾಗವಿದ್ದರೆ, ಸಾರ್ವಜನಿಕ ಗ್ರಿಡ್ ಮುಟ್ಟದೆ ನೇರ ತಂತಿಯಲ್ಲಿ ಶಾಖಕ್ಕೆ ಹೋಗುವ ವಿದ್ಯುತ್ತಿಗೆ ಗ್ರಿಡ್ ಶುಲ್ಕದ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ಯಂತ್ರಗಳ ಮಾತು. ಶಾಖವನ್ನು ಕಲ್ಲಿನಲ್ಲಿ, ಇಟ್ಟಿಗೆಯಲ್ಲಿ ಕೂಡಿಡುವುದು ಹೊಸ ವಿದ್ಯೆಯೇನಲ್ಲ. ಕಬ್ಬಿಣದ ಊದುಕುಲುಮೆಗೆ ಬಿಸಿಗಾಳಿ ಕೊಡುವ ಇಟ್ಟಿಗೆ ಒಲೆಗೆ ಎಡ್ವರ್ಡ್ ಆಲ್ಫ್ರೆಡ್ ಕೂಪರ್ ಪೇಟೆಂಟ್ ಪಡೆದದ್ದು 1857ರಲ್ಲಿ. ಆ ಗೋಪುರಗಳು ಇಂದಿಗೂ ಉಕ್ಕಿನ ಕಾರ್ಖಾನೆಗಳಲ್ಲಿ ಸಾವಿರ ಡಿಗ್ರಿಗೂ ಮಿಕ್ಕಿದ ಗಾಳಿ ಕೊಡುತ್ತಿವೆ. ಇಂದಿನ ಸಂಗ್ರಾಹಕದಲ್ಲಿ ಉರಿಯುವ ಅನಿಲದ ಬದಲು ಕೆಂಪಗೆ ಕಾದ ವಿದ್ಯುತ್ ತಂತಿ ಇರುತ್ತದೆ, ಅಷ್ಟೇ ವ್ಯತ್ಯಾಸ.

ಆದರೆ ಇಟ್ಟಿಗೆಗೆ ಹೋಗುವ ಮುನ್ನ ನೀವು ಕಾರ್ಖಾನೆಯೊಳಗೆ ಒಂದು ಸುತ್ತು ಬರಬೇಕು. ನಿಮ್ಮ 10 ಬಾರಿನ, ಅಂದರೆ ಸುಮಾರು 180 ಡಿಗ್ರಿಯ ಹಬೆ ಎಲ್ಲೆಲ್ಲಿ ಹೋಗುತ್ತಿದೆ, ಅಲ್ಲಿ ನಿಜಕ್ಕೂ ಬೇಕಾದ ತಾಪಮಾನ ಎಷ್ಟು ಎಂದು ಒಂದೊಂದು ಕೊಳವೆಯ ತುದಿಯಲ್ಲೂ ನಿಂತು ಬರೆದುಕೊಳ್ಳಿ. ಆಹಾರ ಕಾರ್ಖಾನೆಯಲ್ಲಿ ಶಾಖದ ದೊಡ್ಡ ಪಾಲು ತೊಳೆಯುವ ನೀರಿಗೆ, ಪಾಶ್ಚರೀಕರಣಕ್ಕೆ ಹೋಗುತ್ತದೆ. ಅವುಗಳಿಗೆ ಬೇಕಾದದ್ದು ನೂರಕ್ಕಿಂತ ಕಡಿಮೆ ಡಿಗ್ರಿ. ಹಬೆಯ ಕೊಳವೆ ಮೊದಲೇ ಇತ್ತೆಂಬ ಒಂದೇ ಕಾರಣಕ್ಕೆ ಅಲ್ಲಿಗೂ ಹಬೆ ಹೋಗುತ್ತಿರುತ್ತದೆ. ಆ ಪಾಲನ್ನು ಬಿಸಿನೀರಿಗೆ ಬದಲಾಯಿಸಿದರೆ ಸಂಗ್ರಾಹಕ ಎಂದರೆ ಚೆನ್ನಾಗಿ ಹೊದಿಕೆ ಹಾಕಿದ ಒಂದು ದೊಡ್ಡ ತೊಟ್ಟಿ, ಅಷ್ಟೇ. ಸಾವಿರ ಘನ ಮೀಟರ್ ನೀರನ್ನು 50 ಡಿಗ್ರಿಯಷ್ಟು ಏರಿಸಿದರೆ 58 ಮೆಗಾವ್ಯಾಟ್ ಗಂಟೆ ಶಾಖ ಕುಳಿತುಕೊಳ್ಳುತ್ತದೆ. ಡೆನ್ಮಾರ್ಕಿನ ಊರುಗಳ ಸಾಮೂಹಿಕ ಶಾಖ ಸ್ಥಾವರಗಳು ವಿದ್ಯುತ್ ಬಾಯ್ಲರು ಮತ್ತು ಇಂಥ ತೊಟ್ಟಿಗಳನ್ನು ಜೋಡಿಸಿ ವರ್ಷಗಳಿಂದ ಅಗ್ಗದ ಗಂಟೆಗಳನ್ನು ಬಳಸಿಕೊಳ್ಳುತ್ತಿವೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ಸಂಗ್ರಾಹಕ ಇನ್ನೊಂದಿಲ್ಲ.

ನಿಜಕ್ಕೂ ಹಬೆಯೇ ಬೇಕಾದ ಪಾಲಿಗೆ ಕೆಲವರು ಒತ್ತಡದ ಬಿಸಿನೀರಿನ ಪಾತ್ರೆ, ಅಂದರೆ ಹಳೆಯ ಹಬೆ ಸಂಗ್ರಾಹಕವನ್ನು ಸೂಚಿಸುತ್ತಾರೆ. ಅದು ಕೆಲವು ನಿಮಿಷಗಳ ಏರಿಳಿತ ತಡೆಯಲು ಒಳ್ಳೆಯದು. 20 ಬಾರಿನಿಂದ 10 ಬಾರಿಗೆ ಇಳಿಯುವಾಗ ಒಂದು ಟನ್ ನೀರು ಕೊಡುವುದು ಸುಮಾರು 40 ಯೂನಿಟ್ (ಕಿಲೋವ್ಯಾಟ್ ಗಂಟೆ) ಮಾತ್ರ. 60 ಮೆಗಾವ್ಯಾಟ್ ಗಂಟೆಗೆ ಸಾವಿರದೈನೂರು ಟನ್ ನೀರು ಹಿಡಿಯುವ ಒತ್ತಡದ ಪಾತ್ರೆಗಳು ಬೇಕಾಗುತ್ತವೆ. ಅದನ್ನು ಬಿಟ್ಟುಬಿಡಿ.

ಇಟ್ಟಿಗೆಯ ಲೆಕ್ಕ ನೋಡಿ. ಅಗ್ನಿನಿರೋಧಕ ಇಟ್ಟಿಗೆಯ ಒಂದು ಟನ್ನನ್ನು 200ರಿಂದ 1,000 ಡಿಗ್ರಿಗೆ ಕಾಯಿಸಿದರೆ ಸುಮಾರು 220 ಯೂನಿಟ್ ಶಾಖ ಹಿಡಿಯುತ್ತದೆ. ನಿಮ್ಮ 60 ಮೆಗಾವ್ಯಾಟ್ ಗಂಟೆಗೆ 270 ಟನ್ ಸಾಕು, ಅದೂ ಒತ್ತಡವಿಲ್ಲದ ಉಕ್ಕಿನ ಪೆಟ್ಟಿಗೆಯಲ್ಲಿ. ಇಟ್ಟಿಗೆಗಳ ನಡುವಿನ ಸಂದುಗಳಲ್ಲಿ ಫ್ಯಾನು ಗಾಳಿ ಹಾಯಿಸುತ್ತದೆ, ಕಾದ ಗಾಳಿ ಹಬೆ ಬಾಯ್ಲರಿನ ಕೊಳವೆಗಳ ಮೇಲೆ ಹರಿದು ತಣ್ಣಗಾಗಿ ಮತ್ತೆ ಇಟ್ಟಿಗೆಗೆ ಮರಳುತ್ತದೆ. ಸಂಗ್ರಾಹಕ ತುಂಬಿದಾಗ ಗಾಳಿ ಸಾವಿರ ಡಿಗ್ರಿಯ ಹತ್ತಿರ, ಬರಿದಾಗುವ ಹೊತ್ತಿಗೆ ಮುನ್ನೂರರ ಹತ್ತಿರ. ಆದರೂ ಹಬೆ ಒಂದೇ ಹದದಲ್ಲಿ ಬರುವುದು ಹೇಗೆ? ಬಾಯ್ಲರಿನಿಂದ ಮರಳುವ ತಣ್ಣನೆಯ ಗಾಳಿಯಲ್ಲಿ ಒಂದು ಪಾಲನ್ನು ಇಟ್ಟಿಗೆಗೆ ಕಳುಹಿಸದೆ ಪಕ್ಕದ ದಾರಿಯಲ್ಲಿ ತಂದು ಬಿಸಿಗಾಳಿಗೆ ಬೆರೆಸುತ್ತಾರೆ. ಇಟ್ಟಿಗೆ ಆರುತ್ತಾ ಹೋದಂತೆ ಆ ಪಾಲನ್ನು ಕಡಿಮೆ ಮಾಡುತ್ತಾ ಬರುತ್ತಾರೆ. ನೀವು ಬೇರೆ ಕಾರ್ಖಾನೆಗೆ ನೋಡಲು ಹೋದಾಗ ಆ ಬೆರಕೆ ಕವಾಟದ ಬಳಿ ನಿಂತು, ಸಂಗ್ರಾಹಕ ಬರಿದಾಗುವ ಕೊನೆಯ ಒಂದು ಗಂಟೆಯಲ್ಲಿ ಹಬೆಯ ಒತ್ತಡ ಹೇಗಿರುತ್ತದೆ ಎಂದು ತೋರಿಸಲು ಹೇಳಿ. ಮಾರಾಟಗಾರರ ಕೈಪಿಡಿಗಿಂತ ಆ ಒಂದು ಗಂಟೆ ಹೆಚ್ಚು ಕಲಿಸುತ್ತದೆ.

ಕರಗಿದ ಲವಣ ಇನ್ನೊಂದು ಆಯ್ಕೆ. ಸೌರ ಶಾಖ ಸ್ಥಾವರಗಳಲ್ಲಿ ಪಳಗಿದ ವಿದ್ಯೆ. ಸೋಡಿಯಂ ಮತ್ತು ಪೊಟ್ಯಾಸಿಯಂ ನೈಟ್ರೇಟಿನ ಆ ಮಿಶ್ರಣ 220 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುವುದರಿಂದ, ಪಂಪು ಮತ್ತು ಕೊಳವೆಗಳನ್ನು ಸದಾ ಬಿಸಿಯಾಗಿಡುವ ಶಿಸ್ತು ಬೇಕು. ಫಿನ್ಲೆಂಡಿನ ಪೋರ್ನೈನೆನ್ ಊರಿನಲ್ಲಿ 2025ರಲ್ಲಿ ಶುರುವಾದ ಸಂಗ್ರಾಹಕದಲ್ಲಿ ಪುಡಿ ಮಾಡಿದ ಬಳಪದ ಕಲ್ಲಿದೆ, ಅದು 100 ಮೆಗಾವ್ಯಾಟ್ ಗಂಟೆ ಶಾಖ ಹಿಡಿಯುತ್ತದೆ. ಹ್ಯಾಂಬರ್ಗಿನಲ್ಲಿ 2019ರಲ್ಲಿ ಸಾವಿರ ಟನ್ ಜ್ವಾಲಾಮುಖಿ ಕಲ್ಲನ್ನು 750 ಡಿಗ್ರಿಗೆ ಕಾಯಿಸಿ 130 ಮೆಗಾವ್ಯಾಟ್ ಗಂಟೆ ಕೂಡಿಡುವ ಪ್ರಯೋಗ ನಡೆಯಿತು. ಅಲ್ಲಿ ಆ ಶಾಖದಿಂದ ಮತ್ತೆ ವಿದ್ಯುತ್ ಮಾಡುವ ಗುರಿಯಿತ್ತು. ಹಬೆ ಟರ್ಬೈನಿನಲ್ಲಿ ಶಾಖದ ಅರ್ಧಕ್ಕಿಂತ ಹೆಚ್ಚು ಕಳೆದುಹೋಗುತ್ತದೆ. ನಿಮಗೆ ಆ ನಷ್ಟವಿಲ್ಲ, ಏಕೆಂದರೆ ನಿಮಗೆ ಬೇಕಾದದ್ದೇ ಶಾಖ. ಕಾರ್ಖಾನೆಗಳು ಈ ವಿಷಯದಲ್ಲಿ ವಿದ್ಯುತ್ ಕಂಪನಿಗಳಿಗಿಂತ ಒಳ್ಳೆಯ ಜಾಗದಲ್ಲಿವೆ ಎಂದು ನಾನು ನಂಬಿರುವುದು ಇದಕ್ಕೇ.

'ಹಾಗಾದರೆ ಶಾಖ ಪಂಪು ಹಾಕಬಾರದೇ, ಒಂದು ಯೂನಿಟಿಗೆ ಮೂರು ಯೂನಿಟ್ ಶಾಖ ಕೊಡುತ್ತದಲ್ಲ' ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಸಿನೀರಿನ ಪಾಲಿಗೆ ಅದು ಒಳ್ಳೆಯ ಪ್ರಶ್ನೆ. ಶಾಖ ಪಂಪು ದುಬಾರಿ ಯಂತ್ರ, ವರ್ಷವಿಡೀ ಓಡಿದರೆ ಮಾತ್ರ ಹಾಕಿದ ಹಣ ಮರಳುತ್ತದೆ. ಬರೀ ತಂತಿ ಕಾಯಿಸುವ ಹೀಟರ್ ಅಗ್ಗ, ಸಾವಿರ ಚಿಲ್ಲರೆ ಗಂಟೆ ಓಡಿದರೂ ಸಾಕು. ದಿನನಿತ್ಯದ ಬಿಸಿನೀರಿಗೆ ಪಂಪು, ಅಗ್ಗದ ಗಂಟೆಗಳ ಹಬೆಗೆ ಹೀಟರು ಮತ್ತು ಸಂಗ್ರಾಹಕ, ಬೆಲೆ ಏರಿದ ಚಳಿಗಾಲದ ವಾರಗಳಿಗೆ ನಿಮ್ಮ ಹಳೆಯ ಅನಿಲ ಬಾಯ್ಲರು. ಮೂರೂ ಒಟ್ಟಿಗೆ ಇರಬಹುದು. ಬಾಯ್ಲರನ್ನು ಕಿತ್ತುಹಾಕುವ ಅವಸರ ಬೇಡ. ಅದು ಇರುವುದರಿಂದಲೇ ನೀವು ದುಬಾರಿ ಗಂಟೆಯಲ್ಲಿ ವಿದ್ಯುತ್ ಕೊಳ್ಳದೆ ಸುಮ್ಮನಿರಬಹುದು.

ಖರೀದಿಯ ಬಗ್ಗೆ ಒಂದು ಮಾತು. ನಿಮ್ಮ ಕಾರ್ಖಾನೆಯ ವಿದ್ಯುತ್ ಒಪ್ಪಂದ ನಿಗದಿತ ದರದ್ದಾದರೆ ವಿನಿಮಯ ಕೇಂದ್ರದಲ್ಲಿ ಏನೇ ನಡೆದರೂ ನಿಮಗೆ ಮುಟ್ಟುವುದಿಲ್ಲ. ಹೀಟರಿನ ಪಾಲಿಗೆ ಬೇರೆ ಮೀಟರು, ಮಾರುಕಟ್ಟೆಯ ದರದ ಬೇರೆ ಒಪ್ಪಂದ ಬೇಕು. ಮರುದಿನದ ಹರಾಜು ಮಧ್ಯಾಹ್ನ 12ಕ್ಕೆ ಮುಗಿಯುತ್ತದೆ. ಮೇಜಿಗೆ ಅಂಟಿಸಿದ ಚೀಟಿ ಇಲ್ಲಿ ಕೆಲಸಕ್ಕೆ ಬರುತ್ತದೆ: 48ರಲ್ಲಿ ಶುಲ್ಕ ಕಳೆದು ಉಳಿದ ಬೆಲೆಯೇ ನಿಮ್ಮ ಬಿಡ್. 'ಬೆಲೆ ಇದಕ್ಕಿಂತ ಕಡಿಮೆಯಿರುವ ಗಂಟೆಗಳಲ್ಲಿ 12 ಮೆಗಾವ್ಯಾಟ್ ಕೊಡಿ' ಎಂದಷ್ಟೇ ಹೇಳಿದರೆ ಸಾಕು. 2025ರ ಅಕ್ಟೋಬರ್ 1ರಿಂದ ಈ ಹರಾಜು ಕಾಲು ಗಂಟೆಯ ತುಣುಕುಗಳಲ್ಲಿ ನಡೆಯುತ್ತಿರುವುದರಿಂದ, ತಕ್ಷಣ ಹಚ್ಚಿ ತಕ್ಷಣ ಆರಿಸಬಲ್ಲ ಹೀಟರಿಗೆ ಅನುಕೂಲ ಇನ್ನೂ ಹೆಚ್ಚಿದೆ. ಗ್ರಿಡ್ಡಿನ ಸಮತೋಲನಕ್ಕೆ ಬೇಕಾದಾಗ ಬಳಕೆ ಏರಿಸಿಕೊಡುವ ಸೇವೆಗೂ ಪ್ರತ್ಯೇಕ ಹಣ ಸಿಗುತ್ತದೆ, ಆದರೆ ಅದನ್ನು ಮೊದಲ ವರ್ಷದ ಲೆಕ್ಕಕ್ಕೆ ಹಿಡಿಯಬೇಡಿ.

ಋಣಾತ್ಮಕ ಗಂಟೆಗಳು ಇದೇ ರೀತಿ ಹೆಚ್ಚುತ್ತಾ ಹೋಗುತ್ತವೆ ಎಂದು ನಂಬಿ ಸಾಲ ಮಾಡುವುದೂ ಬೇಡ. 2025ರ ಫೆಬ್ರವರಿಯಿಂದ ಜರ್ಮನಿಯಲ್ಲಿ ಹೊಸ ಸೌರ ಘಟಕಗಳಿಗೆ ಬೆಲೆ ಋಣಾತ್ಮಕವಾದ ಹೊತ್ತಿನಲ್ಲಿ ಖಾತರಿ ದರ ಸಿಗುವುದಿಲ್ಲ. ಬ್ಯಾಟರಿಗಳೂ ನಿಮ್ಮಂತೆಯೇ ಅದೇ ಗಂಟೆಗಳನ್ನು ಕಾಯುತ್ತಿವೆ. ಬೆಲೆಯ ಆಳ ಕಡಿಮೆಯಾಗಬಹುದು. ಆದರೆ ಬಿಸಿಲಿನ ನಡುಮಧ್ಯಾಹ್ನ ವಿದ್ಯುತ್ ಅನಿಲಕ್ಕಿಂತ ಅಗ್ಗವಾಗಿರುವುದು ಅಷ್ಟು ಬೇಗ ಮುಗಿಯುವ ಸಂಗತಿಯಲ್ಲ. ಸೊನ್ನೆ ಬೆಲೆಯಲ್ಲೂ ಹಣ ಮರಳಿಸುವ ಯೋಜನೆಯಾದರೆ ಮಾತ್ರ ಮುಂದುವರಿಯಿರಿ.

ಆದ್ದರಿಂದ ಯಂತ್ರ ಮಾರುವವರನ್ನು ಕರೆಯುವ ಮುನ್ನ ಗ್ರಿಡ್ ಕಂಪನಿಗೆ ಒಂದು ಪತ್ರ ಬರೆಯಿರಿ. ಹೆಚ್ಚುವರಿ 12 ಮೆಗಾವ್ಯಾಟ್ ಕೊಡಲು ಈಗಿನ ಕೇಬಲ್ಲು ಮತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಜಾಗವಿದೆಯೇ, ಬೇಕಾದಾಗ ಅವರೇ ಕಡಿತ ಮಾಡಬಹುದೆಂಬ ಷರತ್ತಿನ ಮೇಲೆ ಕೊಡುತ್ತಾರೆಯೇ, ಭಾರ ಹೆಚ್ಚಿರುವ ಹೊತ್ತುಗಳ ಈ ವರ್ಷದ ಪಟ್ಟಿ ಏನು ಎಂದು ಕೇಳಿ. ಉತ್ತರ ಬರುವಷ್ಟರಲ್ಲಿ ನಿಮ್ಮ ಮೀಟರಿನ ಒಂದು ವರ್ಷದ ಕಾಲು ಗಂಟೆಯ ದಾಖಲೆ, ಹಬೆಯ ಹರಿವಿನ ದಾಖಲೆ ಮತ್ತು ಅದೇ ವರ್ಷದ ವಿನಿಮಯ ಕೇಂದ್ರದ ಬೆಲೆ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಡಿ. ಭಾನುವಾರಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಭಾನುವಾರ ಮಧ್ಯಾಹ್ನ ತುಂಬಿಸಿದ ಇಟ್ಟಿಗೆ ಒಳ್ಳೆಯ ಹೊದಿಕೆಯಿದ್ದರೆ ಸೋಮವಾರ ಬೆಳಗಿನ ಮೊದಲ ಪಾಳಿಯವರೆಗೆ ಕೆಲವೇ ಪ್ರತಿಶತ ಶಾಖ ಕಳೆದುಕೊಳ್ಳುತ್ತದೆ. ತಣ್ಣಗಾದ ಇಡೀ ಕಾರ್ಖಾನೆಯನ್ನು ಬಿಸಿ ಮಾಡಲು ನೀವು ವಾರದಲ್ಲೇ ಅತಿ ಹೆಚ್ಚು ಅನಿಲ ಉರಿಸುವುದು ಆ ಪಾಳಿಯಲ್ಲೇ ಇರಬಹುದು. ನಿಮ್ಮ ಹಾಳೆಯಲ್ಲಿ ನಾನು ಮೊದಲು ನೋಡಬಯಸುವುದು ಆ ಸಾಲನ್ನು.